ತಂತ್ರೀರಹಿತ ವಾದ್ಯಮೇಳದ ಪೂರ್ವರಂಗ: ಪಾಶ್ಚಾತ್ಯ ಬ್ಯಾಂಡಿನ ‘ಓವರ್ಚರ್’ ಕೃತಿಗಳ ಇತಿಹಾಸವಿಚಾರ

೧

ಪಾಶ್ಚಾತ್ಯ ಸಂಗೀತದಲ್ಲಿ ‘ಓವರ್ಚರ್’ ಎಂದು ಪ್ರಸಿದ್ಧವಾದ ಒಂದು ರಚನಾಪ್ರಕಾರವುಂಟು. ಈ ಶಬ್ದವು ಫ್ರೆಂಚ್ ಭಾಷೆಯಿಂದ ಬಂದುದು. ‘ತೆರೆಯುವಿಕೆ’ ಎಂಬುದೇ ಅದರ ವಾಚ್ಯಾರ್ಥ. ಸಂಗೀತನಾಟಕವು, ಎಂದರೆ ‘ಆಪೆರಾ’ವು, ಪ್ರಾರಂಭವಾಗುವುದಕ್ಕೆ ಮೊದಲು, ತೆರೆಯು ಇನ್ನೂ ಏಳದಿರುವಾಗ, ವಾದ್ಯಗಳಿಂದ ಮಾತ್ರವೇ ನುಡಿಸಲ್ಪಡುವ ಕೃತಿ ಇದು. ಭರತಮುನಿಯು ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ವಿವರಿಸಿರುವ ಪೂರ್ವರಂಗವನ್ನು ಬಲ್ಲವರಿಗೆ ಇದು ತೀರ ಹೊಸದಾಗಿ ತೋರಲಾರದು. ಪ್ರತ್ಯಾಹಾರ, ಅವತರಣ, ಆರಂಭ, ಆಶ್ರಾವಣಾ ಮೊದಲಾದ ಪೂರ್ವರಂಗದ ಆದಿಯ ಅಂಗಗಳು ಯವನಿಕೆಯ ಒಳಗಡೆಯಲ್ಲಿಯೇ ವಾದ್ಯಗಾರರಿಂದಲೂ ಗಾಯಕರಿಂದಲೂ ನಡೆಯತಕ್ಕವು. ನಮ್ಮ ಕರಾವಳಿಯ ಯಕ್ಷಗಾನದಲ್ಲಿಯೂ ಆಟಕ್ಕೆ ಮುಂಚೆ ಚೆಂಡೆಮದ್ದಳೆಗಳಿಂದ ಕೇಳಿ ಬಡಿಯುವ ಸಂಪ್ರದಾಯವಿದೆ. ಇವುಗಳಿಗೂ ಓವರ್ಚರಿಗೂ ಜನ್ಯಜನಕಸಂಬಂಧವನ್ನು ಕಲ್ಪಿಸುವುದು ಸರ್ವಥಾ ತಪ್ಪು. ಪ್ರಯೋಜನಸಾಮ್ಯವೊಂದನ್ನು ಮಾತ್ರ ಒಪ್ಪಬಹುದು. ಮುಂದೆ ಬರಲಿರುವುದಕ್ಕೆ ಸಭೆಯ ಮನಸ್ಸನ್ನು ಅಣಿಗೊಳಿಸುವುದೇ ಆ ಪ್ರಯೋಜನ.

ಪ್ರಕೃತ ಲೇಖನದ ವಿಷಯವು ಓವರ್ಚರ್ ಸಾಮಾನ್ಯವಲ್ಲ; ಬ್ಯಾಂಡಿಗಾಗಿ ರಚಿತವಾದ ಓವರ್ಚರ್. ವಾದ್ಯಗಳು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ವಿಧವೆಂಬುದು ನಮ್ಮ ಶಾಸ್ತ್ರದ ವಿಭಾಗ. ಪಾಶ್ಚಾತ್ಯರ ‘ಆರ್ಕೆಸ್ಟ್ರಾ’ದಲ್ಲಿ ಈ ನಾಲ್ಕೂ ಇವೆ, ಅವುಗಳಲ್ಲಿ ಪ್ರಾಧಾನ್ಯವು ತತವಾದ್ಯಗಳಿಗೆ, ಅಂದರೆ ಪಿಟೀಲು ಮತ್ತು ಅದರ ಬಳಗಕ್ಕೆ. ಬ್ಯಾಂಡಿನಲ್ಲಾದರೋ ತತವಾದ್ಯಗಳು ಇಲ್ಲವೆಂದೇ ಹೇಳಬೇಕು. ಕ್ಲಾರಿನೆಟ್, ಓಬೋ, ಕೊಳಲು, ಬಸೂನ್, ಟ್ರಂಪೆಟ್, ಹಾರ್ನ್, ಟ್ರಾಂಬೋನ್ ಮೊದಲಾದ ಸುಷಿರಗಳೂ, ನಗಾರಿ ಮೊದಲಾದ ಅವನದ್ಧಗಳೂ, ತಾಳಾದಿ ಘನಗಳೂ ಸೇರಿ ಬ್ಯಾಂಡು ಆಗುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ‘ಬ್ಯಾಂಡಿಗೆ ಸ್ವಂತವಾದ ಓವರ್ಚರ್ ಎಂಬುದು ಇಲ್ಲ, ಆರ್ಕೆಸ್ಟ್ರಾಕ್ಕಾಗಿ ರಚಿತವಾದುದನ್ನೇ ಪಿಟೀಲಿನ ಭಾಗವನ್ನು ಕ್ಲಾರಿನೆಟ್ಟಿಗೆ ಕೊಟ್ಟು ಬ್ಯಾಂಡಿನವರು ನುಡಿಸುತ್ತಾರೆ, ಆದುದರಿಂದ ಅದು ಅನುಕರಣವೇ ಹೊರತು ಸ್ವತಂತ್ರಕೃತಿಯಲ್ಲ’ ಎಂದು ಹಲವರ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಬ್ಯಾಂಡುಗಳು ರೊಸ್ಸೀನಿಯ ‘ವಿಲಿಯಂ ಟೆಲ್’ (೧೮೨೯), ವೇಬರನ ‘ಓಬೆರಾನ್’ (೧೮೨೬), ವಾಗ್ನರನ ‘ಟಾನ್‌ಹಾಯ್ಸರ್’ (೧೮೪೫) ಮುಂತಾದ ಆಪೆರಾಗಳ ಓವರ್ಚರುಗಳನ್ನೇ ನುಡಿಸುತ್ತಿದ್ದುದು ಈ ಪಕ್ಷಕ್ಕೆ ಆಧಾರ. ಈ ಆಧಾರವು ಸತ್ಯವೇ. ಆದರೆ ಅದರಿಂದ ತೆಗೆದ ನಿರ್ಣಯವು ಇತಿಹಾಸಕ್ಕೆ ವಿರುದ್ಧವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಬ್ಯಾಂಡಿನ ಓವರ್ಚರು ಸ್ವತಂತ್ರವಾಗಿಯೇ ಹುಟ್ಟಿತು, ಅನಂತರ ವಿಸ್ಮೃತವಾಯಿತು, ಅನುಕರಣವು ಬಂದುದು ಆ ವಿಸ್ಮೃತಿಯ ಬಳಿಕ.

೨

ಮೊದಲು ಓವರ್ಚರಿನ ಸಾಮಾನ್ಯಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದಲ್ಲಿದ್ದ ಲುಲ್ಲಿ (೧೬೩೨–೧೬೮೭) ಎಂಬಾತನು ಒಂದು ಕ್ರಮವನ್ನು ನೆಲೆಗೊಳಿಸಿದನು. ಮೊದಲು ವಿಲಂಬಗತಿಯಲ್ಲಿ ಗಂಭೀರವಾದ ಭಾಗ, ಅನಂತರ ದ್ರುತಗತಿಯ ಭಾಗ: ಇದು ಫ್ರೆಂಚ್ ಪದ್ಧತಿ. ಇಟಲಿಯಲ್ಲಿ ಅಲೆಸ್ಸಾಂಡ್ರೊ ಸ್ಕಾರ್ಲಾಟಿಯ (೧೬೬೦–೧೭೨೫) ಕಾಲಕ್ಕೆ ಇನ್ನೊಂದು ಕ್ರಮವು ರೂಢವಾಯಿತು; ಅದು ದ್ರುತ, ವಿಲಂಬ, ದ್ರುತ ಎಂದು ಮೂರು ಭಾಗಗಳುಳ್ಳದ್ದು. ಈ ಎರಡು ಕ್ರಮಗಳನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಇವು ಮುಂದೆ ನಮಗೆ ಬೇಕಾಗುತ್ತವೆ. ಆ ಕಾಲದಲ್ಲಿ ಓವರ್ಚರಿಗೂ ಮುಂದಿನ ನಾಟಕದ ಕಥೆಗೂ ವಿಶೇಷ ಸಂಬಂಧವಿರಬೇಕೆಂಬ ನಿಯಮವಿರಲಿಲ್ಲ. ೧೭೬೯ರಲ್ಲಿ ಅಚ್ಚಾದ ತನ್ನ ‘ಆಲ್‌ಸೆಸ್ತ್’ ನಾಟಕದ ಪೀಠಿಕೆಯಲ್ಲಿ ಗ್ಲುಕ್ ಎಂಬ ಸಂಗೀತಕಾರನು, ಓವರ್ಚರು ಪ್ರೇಕ್ಷಕರಿಗೆ ಮುಂದಿನ ಕಥಾಸ್ವಭಾವವನ್ನು ಸೂಚಿಸತಕ್ಕದ್ದೆಂಬ ತತ್ತ್ವವನ್ನು ಪ್ರತಿಪಾದಿಸಿದನು.

ಹೀಗೆ ಓವರ್ಚರು ಬಾಗಿಲಿನಂತಹುದು, ನಾಟಕವು ಮನೆಯಂತಹುದು. ಮನೆಯಿಲ್ಲದೆ ಬಾಗಿಲೊಂದೇ ಬಯಲಿನಲ್ಲಿ ನಿಂತರೆ ಅದು ಯಾವುದರ ಬಾಗಿಲು? ಬ್ಯಾಂಡಿನ ಓವರ್ಚರಿನ ಇತಿಹಾಸವೆಲ್ಲ ಈ ಪ್ರಶ್ನೆಗೆ ಉತ್ತರರೂಪವಾಗಿದೆ.

೩

ಬಯಲಿನಲ್ಲಿ ಸುಷಿರವಾದ್ಯಗಳಿಂದ ನುಡಿಸಿದ ಓವರ್ಚರಿಗೆ ಪ್ರಸಿದ್ಧವಾದ ಹಳೆಯ ಉದಾಹರಣೆಯು ಲಂಡನ್ ನಗರದ್ದು. ೧೭೪೮ರಲ್ಲಿ ಎ-ಲ-ಶಾಪೆಲ್ ಎಂಬಲ್ಲಿ ಸಂಧಿಯಾಗಿ ಯೂರೋಪಿನ ದೊಡ್ಡದೊಂದು ಯುದ್ಧವು ನಿಂತಿತು. ಅದರ ಸಂತೋಷಾರ್ಥವಾಗಿ ಎರಡನೆಯ ಜಾರ್ಜ್ ದೊರೆಯು ೧೭೪೯ನೆಯ ಏಪ್ರಿಲ್ ೨೭ರಂದು ಗ್ರೀನ್ ಪಾರ್ಕಿನಲ್ಲಿ ಬಾಣಬಿರುಸುಗಳ ಉತ್ಸವವನ್ನು ಏರ್ಪಡಿಸಿದನು. ಅದಕ್ಕೆ ಸಂಗೀತವನ್ನು ರಚಿಸಿದವನು ಹ್ಯಾಂಡೆಲ್ (೧೬೮೫–೧೭೫೯). ಉತ್ಸವದ ಮೇಲ್ವಿಚಾರಕನಾಗಿದ್ದ ಮಾಂಟೇಗು ಪ್ರಭುವಿನ ಪತ್ರಗಳಿಂದ ತಿಳಿದುಬರುವುದೇನೆಂದರೆ, ದೊರೆಗೆ ಮೊದಲು ಸಂಗೀತವೇ ಬೇಕಾಗಿರಲಿಲ್ಲ. ಆಗಲೇಬೇಕಾದರೆ ರಣವಾದ್ಯಗಳು ಮಾತ್ರ ಇರಲಿ, ಪಿಟೀಲು ಕೂಡದು ಎಂದು ಆತನ ಇಚ್ಛೆ. ಹ್ಯಾಂಡೆಲನಿಗೋ ಪಿಟೀಲುಗಳನ್ನು ಸೇರಿಸಬೇಕೆಂಬ ಹಟ. ಕಡೆಗೆ ದೊರೆಯ ಮಾತೇ ನಡೆಯಿತು. ಆತನ ಹಸ್ತಪ್ರತಿಯಂತೆ ೨೪ ಓಬೋಗಳು, ೧೨ ಬಸೂನುಗಳು, ೯ ಟ್ರಂಪೆಟ್ಟುಗಳು, ೯ ಹಾರ್ನುಗಳು, ೩ ಜೋಡಿ ನಗಾರಿಗಳು ಇದರಲ್ಲಿ ಬರುತ್ತವೆ. ಇದರ ಆದಿಯಲ್ಲಿರುವ ಓವರ್ಚರೇ ಉಳಿದೆಲ್ಲ ಭಾಗಗಳಿಗಿಂತ ದೊಡ್ಡದು. ಅದು ತೆರೆದುದು ನಾಟಕವನ್ನಲ್ಲ, ಬಾಣಬಿರುಸಿನ ಉತ್ಸವವನ್ನು. ಆ ರಾತ್ರಿ ಉತ್ಸವಮಂಟಪದ ಒಂದು ಭಾಗಕ್ಕೆ ಬೆಂಕಿ ಹತ್ತಿಕೊಂಡಿತು. ಒಂದು ತಿಂಗಳ ಮೇಲೆ, ಅನಾಥಶಿಶುಗಳ ಆಶ್ರಮವೊಂದರ ಸಹಾಯಾರ್ಥವಾಗಿ ಅದೇ ಕೃತಿಯನ್ನು ನುಡಿಸಿದಾಗ ಹ್ಯಾಂಡೆಲನು ತನಗೆ ಬೇಕಾದ ಪಿಟೀಲುಗಳನ್ನು ಸೇರಿಸಿಕೊಂಡನು.

ಈ ಪ್ರಸಂಗದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ತಂತ್ರೀರಹಿತ ಓವರ್ಚರು ಆರ್ಕೆಸ್ಟ್ರಾದ ಕೃತಿಯಿಂದ ಕಡಿದು ಮಾಡಿದುದಲ್ಲ. ಇಲ್ಲಿ ಸುಷಿರರೂಪವೇ ಮೊದಲು, ತಂತ್ರೀಯುಕ್ತರೂಪವು ಆಮೇಲೆ. ಎರಡನೆಯದಾಗಿ, ಅದನ್ನು ರಚಿಸಿದವನಿಗೇ ಅದರ ಸ್ವಾತಂತ್ರ್ಯದಲ್ಲಿ ವಿಶ್ವಾಸವಿರಲಿಲ್ಲ. ಈ ಅವಿಶ್ವಾಸವೇ ಪೂರ್ವಪಕ್ಷದ ಬೀಜ.

೪

ವಿಶ್ವಾಸವು ಹುಟ್ಟಿದುದು ಪ್ಯಾರಿಸ್ಸಿನಲ್ಲಿ. ೧೭೮೯ನೆಯ ಜುಲೈಯಲ್ಲಿ ಬಾಸ್ತೀಯ್ ಕೋಟೆಯು ಪ್ರಜೆಗಳ ವಶವಾದ ಬಳಿಕ, ಬೆರ್ನಾರ್ ಸರೆತ್ (೧೭೬೫–೧೮೫೮) ಎಂಬ ಯುವಕನು ಹಳೆಯ ರಾಜರಕ್ಷಕದಳದ ವಾದ್ಯಗಾರರು ೪೫ ಮಂದಿಯನ್ನು ಒಟ್ಟುಗೂಡಿಸಿ ರಾಷ್ಟ್ರರಕ್ಷಕದಳದ ಬ್ಯಾಂಡನ್ನು ಕಟ್ಟಿದನು. ಅದಕ್ಕೆ ಸಂಗೀತಾಚಾರ್ಯನಾಗಿ ನಿಂತವನು ಗೊಸ್ಸೆಕ್ (೧೭೩೪–೧೮೨೯). ೧೭೯೦ನೆಯ ಜುಲೈ ೧೪ರಂದು ಶಾಂ ದ ಮಾರ್ಸ್ ಮೈದಾನದಲ್ಲಿ ನಡೆದ ಪ್ರಜಾಮಹೋತ್ಸವದಿಂದ ಮೊದಲಾಗಿ ಮುಂದಿನ ಕೆಲವು ವರ್ಷಗಳ ಉತ್ಸವಗಳಲ್ಲಿಯೂ ಶವಯಾತ್ರೆಗಳಲ್ಲಿಯೂ ಈ ಮೇಳದವರ ವಾದ್ಯಗಳೇ ಮೊಳಗಿದವು. ೧೭೯೧ರಲ್ಲಿ ಮಿರಾಬೋ ಎಂಬ ಪ್ರಜಾನಾಯಕನ ಶವಯಾತ್ರೆಯಲ್ಲಿ ಗೊಸ್ಸೆಕನು ಪೂರ್ವದೇಶಗಳ ದೊಡ್ಡ ಜಾಗಟೆಯನ್ನು ಬಳಸಿದನು. ಅದೇ ವರ್ಷ ವೋಲ್ತೇರನ ಅಸ್ಥಿಗಳನ್ನು ಪಾಂತೆಯೋನ್ ಮಂದಿರಕ್ಕೆ ಸಾಗಿಸಿದಾಗ ಪ್ರಾಚೀನ ರೋಮಿನ ಕಹಳೆಗಳ ಮಾದರಿಯಲ್ಲಿ ಹೊಸದಾಗಿ ಮಾಡಿಸಿದ ವಾದ್ಯಗಳು ನುಡಿದವು.

ತತವಾದ್ಯಗಳನ್ನು ಇಲ್ಲಿ ಏಕೆ ಬಿಟ್ಟರು? ಕಾರಣಗಳು ಸ್ಪಷ್ಟವಾಗಿವೆ. ಗೋಡೆಯೂ ಚಾವಣಿಯೂ ಇಲ್ಲದೆಡೆಯಲ್ಲಿ ಪಿಟೀಲಿನ ನಾದವು ದೂರ ಹೋಗಲಾರದು. ಕರುಳಿನ ತಂತಿಯು ತೇವಕ್ಕೆ ಶ್ರುತಿಗೆಡುವುದು. ನಡೆಯುತ್ತ ನುಡಿಸುವುದಕ್ಕೆ ಸುಷಿರವಾದ್ಯವೇ ಅನುಕೂಲ. ಸೈನ್ಯದಲ್ಲಿ ಪಳಗಿದ ವಾದ್ಯಗಾರರು ಸಿದ್ಧರಾಗಿಯೇ ಇದ್ದರು. ಇವುಗಳ ಜೊತೆಗೆ, ಪಿಟೀಲುಮೇಳವು ಅರಮನೆಗೂ ಶ್ರೀಮಂತರ ನಾಟಕಶಾಲೆಗೂ ಸೇರಿದುದೆಂಬ ಭಾವನೆಯೂ ಇದ್ದಿರಬೇಕೆಂದು ಊಹಿಸಬಹುದು. ಹಣ ಕೊಟ್ಟು ಒಳಗೆ ಬಂದವರ ಸಭೆಗೆ ಪಿಟೀಲು. ಮೈದಾನದಲ್ಲಿ ನೆರೆದ ಸಮಸ್ತರಿಗೆ ತುತ್ತೂರಿ ಮತ್ತು ಕ್ಲಾರಿನೆಟ್.

ಈ ಸಂದರ್ಭದಲ್ಲಿಯೇ, ೧೭೯೦ರ ದಶಕದ ಮೊದಲರ್ಧದಲ್ಲಿ, ಬ್ಯಾಂಡಿಗಾಗಿಯೇ ಬರೆದ ಓವರ್ಚರುಗಳ ಒಂದು ಸಣ್ಣ ಗುಂಪು ಹುಟ್ಟಿತು. ಗೊಸ್ಸೆಕನ ಶಿಷ್ಯನೂ ಆಗ ಇಪ್ಪತ್ತರ ಆಸುಪಾಸಿನವನೂ ಆಗಿದ್ದ ಕತೆಲ್ (೧೭೭೩–೧೮೩೦) ಎಂಬುವನು ಬರೆದ ‘ಸಿ’ ಸ್ವರಾಧಾರದ ಓವರ್ಚರು, ಮೆಯೂಲ್ (೧೭೬೩–೧೮೧೭) ಬರೆದ ‘ಎಫ್’ ಸ್ವರಾಧಾರದ ಓವರ್ಚರು, ಯಾಸೆಂತ್ ಜಾದೆಂ (೧೭೭೬–೧೮೦೦) ಬರೆದ ಇನ್ನೊಂದು, ಗೊಸ್ಸೆಕನದೇ ಆದ ಮತ್ತೊಂದು: ಇವು ಇಂದಿಗೂ ಉಳಿದಿವೆ. ಕತೆಲನ ಕೃತಿಯಲ್ಲಿ ವಿಲಂಬವಾದ ಪ್ರಾರಂಭವೂ ಅನಂತರ ದ್ರುತಭಾಗವೂ ಇರುವುದರಿಂದ ಲುಲ್ಲಿಯ ಕಾಲದಿಂದ ಬಂದ ಪರಂಪರೆಯ ಛಾಯೆಯನ್ನು ಅದರಲ್ಲಿ ಕಾಣಬಹುದು. ಆದರೆ ಇವು ಯಾವ ಆಪೆರಾಕ್ಕೂ ಸೇರಿದವಲ್ಲ. ಇವುಗಳ ಮುಂದೆ ತೆರೆಯೂ ಇಲ್ಲ, ರಂಗವೂ ಇಲ್ಲ. ಉತ್ಸವಕ್ಕೆ ಬಂದ ಪ್ರಜೆಗಳೇ ಪ್ರೇಕ್ಷಕರು, ಅವರೇ ಪಾತ್ರಧಾರಿಗಳು. ಇಲ್ಲಿ ಓವರ್ಚರಿನಿಂದ ತೆರೆದುದು ಅಂದಿನ ಸಾರ್ವಜನಿಕ ದಿನವೇ. ಬಾಗಿಲು ಬಯಲಿನಲ್ಲಿ ನಿಂತರೂ ಅನರ್ಥಕವಾಗಲಿಲ್ಲ.

ಈ ಸಂಗೀತವನ್ನು ರಾಜಧಾನಿಯಲ್ಲಿಯೇ ಇಟ್ಟುಕೊಳ್ಳದೆ ಊರೂರಿಗೆ ಮುಟ್ಟಿಸಬೇಕೆಂದು ೧೭೯೪ರಿಂದ ರಾಷ್ಟ್ರೀಯ ಉತ್ಸವಗಳ ಸಂಗೀತವನ್ನು ಮಾಸಿಕವಾಗಿ ಅಚ್ಚುಹಾಕಿ ಜಿಲ್ಲೆಗಳಿಗೆ ಕಳುಹಿಸುವ ಏರ್ಪಾಡಾಯಿತು. ೧೭೯೨ರಲ್ಲಿ ಬ್ಯಾಂಡಿನವರ ಉಚಿತ ಪಾಠಶಾಲೆಯಾಗಿ ಆರಂಭವಾದ ಸಂಸ್ಥೆಯು ೧೭೯೫ನೆಯ ಆಗಸ್ಟಿನ ಶಾಸನದಿಂದ ಪ್ಯಾರಿಸ್ಸಿನ ‘ಕೊನ್ಸೆರ್ವತ್ವಾರ್’ ಎಂಬ ಮಹಾವಿದ್ಯಾಲಯವಾಯಿತು. ಅದಕ್ಕೆ ೧೧೫ ಮಂದಿ ಕಲಾವಿದರನ್ನೂ ೬೦೦ ಮಂದಿ ವಿದ್ಯಾರ್ಥಿಗಳನ್ನೂ ಶಾಸನವು ಗೊತ್ತುಮಾಡಿತು. ಯೂರೋಪಿನ ಅತ್ಯಂತ ಪ್ರಸಿದ್ಧ ಸಂಗೀತ ವಿದ್ಯಾಲಯಗಳಲ್ಲಿ ಒಂದಾದ ಇದು ಬ್ಯಾಂಡಿನ ಹೊಟ್ಟೆಯಲ್ಲಿ ಹುಟ್ಟಿತೆಂಬುದು ಬ್ಯಾಂಡನ್ನು ಕೀಳಾಗಿ ಕಾಣುವವರು ಗಮನಿಸತಕ್ಕ ಅಂಶ.

೫

ಇನ್ನು ಜರ್ಮನ್ ದೇಶಕ್ಕೆ ಬರೋಣ. ಅಲ್ಲಿಯ ಕಥೆಯು ಉತ್ಸವದ್ದಲ್ಲ, ವಿಹಾರಸ್ಥಾನದ್ದು. ಬಾಲ್ಟಿಕ್ ಸಮುದ್ರದ ಹತ್ತಿರ ಡೋಬೆರಾನ್ ಎಂಬ ಊರಿನಲ್ಲಿ ಮೆಕ್ಲೆನ್‌ಬುರ್ಗಿನ ದೊರೆಗಳು ಬೇಸಗೆಯನ್ನು ಕಳೆಯುತ್ತಿದ್ದರು. ಅವರ ಆಸ್ಥಾನದ ಸುಷಿರಮೇಳವೂ ಅಲ್ಲಿರುತ್ತಿತ್ತು. ೧೮೨೪ರಲ್ಲಿ ಹದಿನೈದು ವರ್ಷದ ಹುಡುಗ ಫೆಲಿಕ್ಸ್ ಮೆಂಡೆಲ್‌ಸೋನ್ (೧೮೦೯–೧೮೪೭) ತಂದೆಯೊಡನೆ ಅಲ್ಲಿಗೆ ಹೋಗಿ ಆ ಮೇಳವನ್ನು ಕೇಳಿ ಅದಕ್ಕಾಗಿ ಒಂದು ಕೃತಿಯನ್ನು ರಚಿಸಿದನು. ಕೊಳಲು ೧, ಓಬೋ ೨, ಕ್ಲಾರಿನೆಟ್ ೨, ಬಸೂನ್ ೨, ಹಾರ್ನ್ ೨, ಟ್ರಂಪೆಟ್ ೧, ಬಾಸ್‌ಹಾರ್ನ್ ೧, ಹೀಗೆ ೧೧ ವಾದ್ಯಗಳು. ಈ ಕಡೆಯ ವಾದ್ಯವು ಅವನಿಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಮನೆಗೆ ಬರೆದ ಕಾಗದದಲ್ಲಿ ಅದರ ಚಿತ್ರವನ್ನೇ ಬರೆದು ತೋರಿಸಿದ್ದಾನೆ.

ಆ ಮೊದಲ ಪ್ರತಿಯು ಕಳೆದುಹೋಯಿತು. ೧೮೨೬ರಲ್ಲಿ ಅವನು ಅದನ್ನು ಪುನಃ ಬರೆದನು. ೧೮೩೮ರಲ್ಲಿ ೨೩ ಸುಷಿರವಾದ್ಯಗಳಿಗೂ ತಾಳನಗಾರಿಗಳಿಗೂ ವಿಸ್ತರಿಸಿ ‘ಸುಷಿರಮೇಳದ ಓವರ್ಚರ್’ ಎಂಬ ಹೆಸರಿನಿಂದ ಬಾನ್ ನಗರದ ಸಿಮ್ರಾಕ್ ಎಂಬ ಪ್ರಕಾಶಕನಿಗೆ ಕೊಟ್ಟನು. ಇದು ಅವನ ೨೪ನೆಯ ಸಂಖ್ಯೆಯ ಕೃತಿ. ಹದಿನೈದರಲ್ಲಿ ಬರೆದು ಕಳೆದುಹೋದುದನ್ನು ಹದಿನೇಳರಲ್ಲಿ ಮತ್ತೆ ಬರೆದು, ಇಪ್ಪತ್ತೊಂಬತ್ತರಲ್ಲಿ ದೊಡ್ಡದು ಮಾಡಿದನೆಂದ ಮೇಲೆ, ಇದನ್ನು ಅವನು ಆಟಿಕೆಯೆಂದು ಭಾವಿಸಿರಲಿಲ್ಲವೆಂಬುದು ಸಿದ್ಧ. ಇನ್ನೊಂದು ಅಂಶವನ್ನೂ ಲಕ್ಷಿಸಬೇಕು. ೧೮೨೬ರಲ್ಲಿಯೇ ಅವನು ಷೇಕ್ಸ್‌ಪಿಯರನ ‘ನಡುಬೇಸಗೆಯ ರಾತ್ರಿಯ ಕನಸು’ ನಾಟಕವನ್ನು ಓದಿ ಅದೇ ಹೆಸರಿನ ಓವರ್ಚರನ್ನು ಆರ್ಕೆಸ್ಟ್ರಾಕ್ಕೆ ರಚಿಸಿದನು. ಆ ನಾಟಕದ ಉಳಿದ ಸಂಗೀತವನ್ನು ಬರೆದುದು ಹದಿನಾರು ವರ್ಷಗಳ ಮೇಲೆ, ೧೮೪೨ರಲ್ಲಿ. ನಾಟಕವಿಲ್ಲದ ಓವರ್ಚರು ಆರ್ಕೆಸ್ಟ್ರಾದಲ್ಲಿ ಗೌರವವನ್ನು ಪಡೆದರೆ, ಬ್ಯಾಂಡಿನಲ್ಲಿ ಅದನ್ನೇ ದೋಷವೆನ್ನುವುದು ನ್ಯಾಯವಲ್ಲ.

೬

ಹಾಗಾದರೆ ವಿಸ್ಮೃತಿಯು ಬಂದುದು ಹೇಗೆ? ಪ್ಯಾರಿಸ್ಸಿನ ಉತ್ಸವಗಳು ನೆಪೋಲಿಯನ್ನನ ಆಳಿಕೆಯಲ್ಲಿ ನಿಂತುಹೋದವು. ಉತ್ಸವಕ್ಕಾಗಿ ಹುಟ್ಟಿದ ಕೃತಿಗಳು ಅದರೊಡನೆಯೇ ಮೂಲೆಗೆ ಸೇರಿದವು. ಇತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಂಡುಗಳ ಸಂಖ್ಯೆಯೂ ಶಕ್ತಿಯೂ ಬೆಳೆದವು. ಪ್ರಷ್ಯದಲ್ಲಿ ವೀಪ್ರೆಕ್ಟ್ (೧೮೦೨–೧೮೭೨) ಸೈನ್ಯದ ಬ್ಯಾಂಡುಗಳನ್ನು ಸುಧಾರಿಸಿ, ೧೮೩೮ರಲ್ಲಿ ರಷ್ಯದ ಚಕ್ರವರ್ತಿಯು ಬರ್ಲಿನ್ನಿಗೆ ಬಂದಾಗ ಸಾವಿರಕ್ಕೂ ಹೆಚ್ಚು ವಾದ್ಯಗಾರರನ್ನು ಒಟ್ಟಿಗೆ ನುಡಿಸಿದನು. ಪ್ಯಾರಿಸ್ಸಿನಲ್ಲಿ ಅಡೋಲ್ಫ್ ಸಾಕ್ಸ್ (೧೮೧೪–೧೮೯೪) ಹೊಸ ವಾದ್ಯಗಳನ್ನು ನಿರ್ಮಿಸಿದನು. ಇಂಗ್ಲೆಂಡಿನಲ್ಲಿ ೧೮೫೭ರಲ್ಲಿ ನೆಲ್ಲರ್ ಹಾಲ್ ಎಂಬಲ್ಲಿ ಸೈನ್ಯದ ಸಂಗೀತಶಾಲೆಯು ಸ್ಥಾಪಿತವಾಯಿತು. ವಾದ್ಯಗಳು ಬಂದವು, ವಾದಕರು ಬಂದರು; ನುಡಿಸುವುದಕ್ಕೆ ಸ್ವಂತ ಕೃತಿಗಳು ಸಾಲದಾದವು. ಆದುದರಿಂದ ಆಪೆರಾಗಳ ಓವರ್ಚರುಗಳನ್ನು ಎರವಲು ತಂದರು.

ಈ ಎರವಲನ್ನು ಕೇವಲ ನಿಂದಿಸುವುದು ಉಚಿತವಲ್ಲ. ಗ್ರಾಮಫೋನೂ ರೇಡಿಯೋವೂ ಇಲ್ಲದ ಕಾಲದಲ್ಲಿ, ನಾಟಕಶಾಲೆಯ ಬಾಗಿಲನ್ನೇ ಕಾಣದ ಜನರಿಗೆ ರೊಸ್ಸೀನಿಯನ್ನೂ ವಾಗ್ನರನನ್ನೂ ಕಿವಿಗೆ ಮುಟ್ಟಿಸಿದ ಪುಣ್ಯವು ಬ್ಯಾಂಡಿನದು. ಅಮೆರಿಕೆಯಲ್ಲಿ ಸೂಸಾ (೧೮೫೪–೧೯೩೨) ೧೮೯೨ರಲ್ಲಿ ಸ್ವಂತ ಬ್ಯಾಂಡನ್ನು ಕಟ್ಟಿ ‘ಟಾನ್‌ಹಾಯ್ಸರ್’ ಓವರ್ಚರನ್ನು ಊರೂರಿನಲ್ಲಿ ಕೇಳಿಸಿದನು. ಆದರೆ ಹಾನಿಯೂ ಉಂಟು. ಪಿಟೀಲಿನ ಕಮಾನಿಗೆ ಉಸಿರು ಬೇಕಿಲ್ಲ, ಕ್ಲಾರಿನೆಟ್ಟಿನವನಿಗೆ ಬೇಕು. ಕಮಾನನ್ನು ಒಂದೇ ಸ್ವರದ ಮೇಲೆ ಅತಿವೇಗವಾಗಿ ಆಡಿಸಿ ಹುಟ್ಟಿಸುವ ಕಂಪನವು ಸುಷಿರದಲ್ಲಿ ಸಹಜವಾಗಿ ಬಾರದು. ಪಿಟೀಲಿಗೆ ಸುಲಭವಾದ ಸ್ವರಾಧಾರಗಳು ಬ್ಯಾಂಡಿಗೆ ಕಷ್ಟ. ಆದುದರಿಂದ ಎಷ್ಟೋ ಕೃತಿಗಳನ್ನು ಶ್ರುತಿ ಬದಲಾಯಿಸಿಯೇ ನುಡಿಸಬೇಕಾಯಿತು. ಹೀಗೆ ಬ್ಯಾಂಡು ತನ್ನದಲ್ಲದ ಮಾತನ್ನು ಆಡುತ್ತ ಆಡುತ್ತ, ಅದಕ್ಕೆ ಸ್ವಂತ ಮಾತಿಲ್ಲವೆಂಬ ಪ್ರತೀತಿಯು ಬೆಳೆಯಿತು. ಪೂರ್ವಪಕ್ಷದವರು ನೋಡಿರುವುದು ಈ ಮಧ್ಯಕಾಲವನ್ನು ಮಾತ್ರ.

೭

ಪುನರುಜ್ಜೀವನವು ಮೊದಲಾದುದು ಪುಸ್ತಕಭಂಡಾರದಲ್ಲಿ. ಪ್ಯಾರಿಸ್ಸಿನ ಕೊನ್‌ಸ್ತಾಂ ಪಿಯೆರ್ (೧೮೫೫–೧೯೧೮) ಎಂಬ ವಿದ್ವಾಂಸನು ಕ್ರಾಂತಿಕಾಲದ ಉತ್ಸವಸಂಗೀತವನ್ನು ಹುಡುಕಿ ಸಂಪಾದಿಸಿ ೧೮೯೯ರಲ್ಲಿ ಪ್ರಕಟಿಸಿದನು. ಹಳೆಯ ಕಾಗದಗಳನ್ನು ಶೋಧಿಸುವ ಕೆಲಸವು ಎಷ್ಟೋ ಜನರಿಗೆ ವ್ಯರ್ಥಶ್ರಮವಾಗಿ ತೋರುವುದುಂಟು. ಆದರೆ ಈ ಒಬ್ಬನ ಶ್ರಮವಿಲ್ಲದಿದ್ದರೆ ಕತೆಲ್ ಮೆಯೂಲರ ಓವರ್ಚರುಗಳು ಮರಳಿ ಮೈದಾನಕ್ಕೆ ಬರುವುದು ಬಹಳ ಕಷ್ಟವಾಗುತ್ತಿತ್ತು. ಮುಂದೆ ಅಮೆರಿಕೆಯಲ್ಲಿ ರಿಚರ್ಡ್ ಫ್ರಾಂಕೊ ಗೋಲ್ಡ್‌ಮನ್ (೧೯೧೦–೧೯೮೦) ಮತ್ತು ರೋಜರ್ ಸ್ಮಿತ್ ಎಂಬವರು ಕತೆಲನ ಓವರ್ಚರನ್ನು ಇಂದಿನ ಬ್ಯಾಂಡಿನ ವಾದ್ಯಗಳಿಗೆ ಹೊಂದುವಂತೆ ಸಂಪಾದಿಸಿದರು.

ರಿಚರ್ಡನ ತಂದೆ ಎಡ್ವಿನ್ ಫ್ರಾಂಕೊ ಗೋಲ್ಡ್‌ಮನ್ (೧೮೭೮–೧೯೫೬) ನ್ಯೂಯಾರ್ಕಿನಲ್ಲಿ ಪ್ರಸಿದ್ಧ ಬ್ಯಾಂಡಿನ ನಾಯಕನಾಗಿದ್ದು, ೧೯೪೨ರಲ್ಲಿ ಎರವಲು ಕೃತಿಯೊಂದನ್ನೂ ಸೇರಿಸದೆ ಬ್ಯಾಂಡಿಗಾಗಿಯೇ ರಚಿತವಾದ ಕೃತಿಗಳಿಂದ ಒಂದು ಸಭೆಯನ್ನು ನಡೆಸಿದನು. ಅದೇ ೧೯೪೨ರಲ್ಲಿ, ಯುದ್ಧದ ನಡುವೆ, ರಷ್ಯದ ಮ್ಯಾಸ್ಕೋವ್‌ಸ್ಕಿ (೧೮೮೧–೧೯೫೦) ಬ್ಯಾಂಡಿಗಾಗಿ ‘ನಾಟಕೀಯ ಓವರ್ಚರ್’ ಎಂಬ ಕೃತಿಯನ್ನು ರಚಿಸಿದನು. ೧೯೫೬ರಲ್ಲಿ ವಿಲಿಯಂ ಷೂಮನ್ (೧೯೧೦–೧೯೯೨) ‘ಚೆಸ್ಟರ್’ ಎಂಬ ಓವರ್ಚರನ್ನು ಬ್ಯಾಂಡಿಗೆ ಬರೆದನು. ಅದಕ್ಕೆ ಆಧಾರವು ಬಿಲ್ಲಿಂಗ್ಸ್ (೧೭೪೬–೧೮೦೦) ರಚಿಸಿದ, ಅಮೆರಿಕೆಯ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಜನರ ಬಾಯಲ್ಲಿದ್ದ ಒಂದು ಗೀತ. ಷೂಮನ್ ಇದೇ ಗೀತವನ್ನು ಆರ್ಕೆಸ್ಟ್ರಾದ ಒಂದು ಕೃತಿಯಲ್ಲಿಯೂ ಬಳಸಿದ್ದನು. ಬ್ಯಾಂಡಿಗೆ ಬರೆಯುವಾಗ ಅದನ್ನು ಕುಗ್ಗಿಸದೆ ಹಿಗ್ಗಿಸಿದನು. ‘ಕಡಿದು ಮಾಡಿದುದು’ ಎಂಬ ವಾದಕ್ಕೆ ಇದು ನೇರವಾದ ಪ್ರತ್ಯುದಾಹರಣೆ.

ಅನಂತರ ಅಮೆರಿಕೆಯ ಪಾಠಶಾಲೆಗಳ ಬ್ಯಾಂಡುಗಳಿಗಾಗಿ ಓವರ್ಚರುಗಳು ಹೇರಳವಾಗಿ ಬಂದವು. ಕ್ಲಾಡ್ ಸ್ಮಿತ್ (೧೯೩೨–೧೯೮೭) ೧೯೬೪ರಲ್ಲಿ ಬರೆದ ‘ಎಂಪೆರಾಟಾ’, ಜೇಮ್ಸ್ ಬಾರ್ನ್ಸ್ ೧೯೮೧ರಲ್ಲಿ ಬರೆದ ‘ಆಲ್ವಮಾರ್’ ಇವುಗಳಲ್ಲಿ ಹೆಸರಾದವು. ಈ ವರ್ಗದ ಕೃತಿಗಳಲ್ಲಿ ಹೆಚ್ಚಿನವು ದ್ರುತ, ವಿಲಂಬ, ದ್ರುತ ಎಂಬ ಮೂರು ಭಾಗಗಳಲ್ಲಿಯೇ ನಡೆಯುತ್ತವೆ. ಇದು ಮೇಲೆ ಹೇಳಿದ ಇಟಲಿಯ ಹಳೆಯ ಕ್ರಮವೇ ಎಂಬುದನ್ನು ವಾಚಕರು ಗುರುತಿಸಿಯಾರು. ಆದರೆ ಒಂದು ವ್ಯತ್ಯಾಸವುಂಟು. ಹ್ಯಾಂಡೆಲನಿಗೆ ಸಂಧಿಯ ಉತ್ಸವವಿತ್ತು. ಕತೆಲನಿಗೆ ಪ್ರಜೆಗಳ ಮೈದಾನವಿತ್ತು. ಪಾಠಶಾಲೆಯ ಸ್ಪರ್ಧೆಗಾಗಿ ಬರೆದ ಓವರ್ಚರಿಗೆ ಎಷ್ಟೋ ವೇಳೆ ಸ್ಪರ್ಧೆಯ ಹೊರತು ಬೇರೆ ನಿಮಿತ್ತವಿಲ್ಲ. ಒಂದೇ ಅಚ್ಚಿನಲ್ಲಿ ತೆಗೆದಂತೆ ಹಲವು ಕೃತಿಗಳು ತೋರುವುದಕ್ಕೆ ಇದೇ ಕಾರಣವಿರಬಹುದು. ದೋಷವು ವಾದ್ಯಗಳದ್ದಲ್ಲ, ನಿಮಿತ್ತದ್ದು.

೮

ಇಷ್ಟರಿಂದ ಸಿದ್ಧಾಂತವು ಸ್ಪಷ್ಟವಾಯಿತು. ಬ್ಯಾಂಡಿನ ಓವರ್ಚರು ಆರ್ಕೆಸ್ಟ್ರಾದ ಓವರ್ಚರಿನ ನೆರಳಲ್ಲ. ನಾಟಕಶಾಲೆಯ ಓವರ್ಚರು ತೆರೆಯ ಹಿಂದಿನ ಕಥೆಯನ್ನು ತೆರೆದರೆ, ಇದು ಬಯಲಿನಲ್ಲಿ ಸೇರಿದ ಸಮುದಾಯದ ಕಾರ್ಯವನ್ನು ತೆರೆಯತಕ್ಕದ್ದು. ಇವುಗಳ ಪ್ರಯೋಜನವು ಬೇರೆ. ಆದುದರಿಂದ ಜಾತಿಯೂ ಬೇರೆ.

ಕಡೆಯದಾಗಿ ನಮ್ಮ ನಾಡಿಗೆ ಸೇರಿದ ಒಂದು ವಿಜ್ಞಾಪನೆ. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯಪದ್ಧತಿಯ ಬ್ಯಾಂಡೂ ಕರ್ಣಾಟಕಪದ್ಧತಿಯ ವಾದ್ಯವೃಂದವೂ ಎರಡೂ ಇದ್ದವು. ಬಸವಪ್ಪಶಾಸ್ತ್ರಿಗಳು (೧೮೪೩–೧೮೯೧) ರಚಿಸಿದ ರಾಜ್ಯಗೀತವು ದರ್ಬಾರಿನಲ್ಲಿ ಬ್ಯಾಂಡಿನಿಂದ ಮೊಳಗುತ್ತಿತ್ತು. ಆ ದರ್ಬಾರು ಈಗಿಲ್ಲವಾದರೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ವಾದನವು ಇಂದಿಗೂ ನಡೆದುಬರುತ್ತಿದೆ. ಅರಸರ ಕಾಲದಲ್ಲಿ ಬ್ಯಾಂಡಿಗೆಂದು ಬರೆದ ಸ್ವರಲಿಪಿಯ ಹಾಳೆಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಲ್ಲಿ ಅವನ್ನು ಪಟ್ಟಿಮಾಡಿ ಕಾಪಾಡುವುದು ವಿದ್ವಾಂಸರ ಕರ್ತವ್ಯ. ತಾಳೆಯೋಲೆಗೆ ತೋರುವ ಆದರವನ್ನು ನಾವು ಬ್ಯಾಂಡಿನ ಕಾಗದಕ್ಕೆ ತೋರುವುದಿಲ್ಲ. ಒಂದು ದಿನದ ಉತ್ಸವಕ್ಕಾಗಿ ಬರೆದುದು ಎಲ್ಲಕ್ಕಿಂತ ಬೇಗ ನಾಶವಾಗುವುದು ಲೋಕಸ್ವಭಾವ. ಪ್ಯಾರಿಸ್ಸಿನಲ್ಲಿ ನೂರು ವರ್ಷಗಳ ಮೇಲೆ ಒಬ್ಬ ಪಿಯೆರನು ದೊರೆತನು. ನಮ್ಮಲ್ಲಿಯೂ ಅಂತಹವರು ಹುಟ್ಟುವವರೆಗೆ ಕಾಗದವಾದರೂ ಗೆದ್ದಲಿಗೆ ಆಹಾರವಾಗದಿರಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.